ಬೆರಳಿಂದ ನೋಟು ಓದುವುದು: ಕಣ್ಣು ಕಾಣದವರಿಗೂ ಅವರ ಮನೆಯವರಿಗೂ ಒಂದು ಮಾರ್ಗದರ್ಶಿ

"ಕೈಯಲ್ಲಿರೋದು 100ರದ್ದೋ 200ರದ್ದೋ, ಹೇಗೆ ತಿಳಿಯೋದು?" ಈ ಪ್ರಶ್ನೆ ನನಗೆ ಬರದ ವಾರವಿಲ್ಲ. ಕೇಳುವವರಲ್ಲಿ ಹುಟ್ಟಿನಿಂದ ಕಣ್ಣು ಕಾಣದವರಿದ್ದಾರೆ. ಸಕ್ಕರೆ ಕಾಯಿಲೆಯಿಂದಲೋ ಗ್ಲಾಕೋಮಾದಿಂದಲೋ ಈಚೆಗೆ ದೃಷ್ಟಿ ಕಳೆದುಕೊಂಡವರಿದ್ದಾರೆ. ಅಪ್ಪನಿಗೋ ಅತ್ತೆಗೋ ಕಲಿಸಬೇಕು ಎಂದು ಕೇಳುವ ಮನೆಯವರೂ ಇದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

"ಈಗೆಲ್ಲ ಫೋನ್‌ನಲ್ಲೇ ಹಣ ಕೊಡಬಹುದಲ್ವಾ?" ಅನ್ನುವವರೂ ಇದ್ದಾರೆ. ಕೊಡಬಹುದು, ನಿಜ. ಆದರೆ ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಚಿಲ್ಲರೆ ಕೈಗೇ ಬರುತ್ತದೆ. ಫೋನಿನ ಚಾರ್ಜ್ ಮುಗಿದರೆ ಜೇಬಿನ ನೋಟೇ ಗತಿ. ತನ್ನ ದುಡ್ಡು ಎಷ್ಟು ಅಂತ ತಾನೇ ಎಣಿಸಿಕೊಳ್ಳುವುದು ಯಾರಿಗಾದರೂ ಸಿಗಲೇಬೇಕಾದ ಸ್ವಾತಂತ್ರ್ಯ. ಅದಕ್ಕಾಗಿ ಇಷ್ಟು ಬರೆಯುವುದು ಜಾಸ್ತಿ ಅಂತ ನನಗೆ ಅನ್ನಿಸುವುದಿಲ್ಲ.

ಮೊದಲು ಒಂದು ವಿಷಯ ತಲೆಯಲ್ಲಿರಲಿ

ಈಗ ಚಲಾವಣೆಯಲ್ಲಿರುವ ಹೊಸ ಸರಣಿಯ ನೋಟುಗಳು 2016ರ ನವೆಂಬರ್‌ನಿಂದ ಒಂದೊಂದಾಗಿ ಬಂದವು. ಮೊದಲು 500 ಮತ್ತು 2000 (2000ದ್ದನ್ನು ಆಮೇಲೆ ಹಿಂಪಡೆದರು), ನಂತರ 50, 200, 10, 100, ಕೊನೆಗೆ 2019ರಲ್ಲಿ 20. ಕೈಯಿಂದ ಗುರುತಿಸುವ ವಿಷಯದಲ್ಲಿ ಇವು ಎರಡು ಗುಂಪು.

10, 20, 50ರ ನೋಟುಗಳಲ್ಲಿ ಬೆರಳಿಗೆ ಸಿಗುವ ಉಬ್ಬು ಗುರುತು ಇಲ್ಲ. ಅವುಗಳನ್ನು ಅಳತೆಯಿಂದಲೇ ತಿಳಿಯಬೇಕು.

100, 200, 500ರಲ್ಲಿ ಉಬ್ಬು ಗುರುತು ಇದೆ. ಆದರೆ ಉದ್ದದ ವ್ಯತ್ಯಾಸ ಬರೀ 4 ಮಿಲಿಮೀಟರ್. ಅವುಗಳನ್ನು ಮೊದಲು ಗೆರೆಯಿಂದ ತಿಳಿಯಬೇಕು, ಆಮೇಲೆ ಅಳತೆಯಿಂದ ಖಾತ್ರಿ ಮಾಡಿಕೊಳ್ಳಬೇಕು.

ತುಂಬ ಜನ ಸೋಲುವುದು ಇಲ್ಲೇ. ಎಲ್ಲ ನೋಟಿಗೂ ಒಂದೇ ಉಪಾಯ ಹುಡುಕುತ್ತಾರೆ, ಅದು ಸಿಗುವುದಿಲ್ಲ. ಸಣ್ಣ ನೋಟಿಗೆ ಅಳತೆ, ದೊಡ್ಡ ನೋಟಿಗೆ ಗೆರೆ. ಇಷ್ಟು ನೆನಪಿದ್ದರೆ ಮುಂದಿನದು ಅಭ್ಯಾಸ ಅಷ್ಟೇ.

ಹಂತ 1: ಬೇಕಾದ್ದನ್ನು ಹೊಂದಿಸಿಕೊಳ್ಳಿ

10ರಿಂದ 500ರವರೆಗೆ ಪ್ರತಿಯೊಂದರದ್ದೂ ಒಂದು ಗರಿಗರಿ ನೋಟು ಬೇಕು. ಬ್ಯಾಂಕಿನ ಕೌಂಟರಿನಲ್ಲಿ ಹೊಸ ನೋಟು ಕೇಳಿ ತನ್ನಿ. ಮಾಸಿದ ನೋಟಿನಲ್ಲಿ ಕಲಿಯಲು ಹೊರಟರೆ ಮೊದಲ ದಿನವೇ ಬೇಸರ ಬಂದುಬಿಡುತ್ತದೆ. ಸಿಕ್ಕರೆ ಹಳೆ ಸರಣಿಯ 10, 20, 100ರದ್ದು ಒಂದೊಂದು ಇರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಜೊತೆಗೆ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಬೇಕು, ಫೈಲಿನ ಹೊದಿಕೆಯಂಥದ್ದು. ಮದುವೆ ಕರೆಯೋಲೆಯ ದಪ್ಪ ಕಾಗದವೂ ನಡೆಯುತ್ತದೆ, ಆದರೆ ಬೇಗ ಮೆತ್ತಗಾಗುತ್ತದೆ. ಸ್ಕೇಲು, ಕತ್ತರಿ ಇರಲಿ. ಕತ್ತರಿಸುವ ಕೆಲಸಕ್ಕೆ ಒಂದು ಸಲ ಕಣ್ಣು ಕಾಣುವವರ ನೆರವು ಬೇಕಾಗಬಹುದು.

ಹಂತ 2: ದೊಡ್ಡ ನೋಟುಗಳ ಗೆರೆ ಎಣಿಸಲು ಕಲಿಯಿರಿ

ಈ ನೋಟುಗಳ ಮುಂಭಾಗದ ಕೆಲವು ಜಾಗಗಳನ್ನು ಇಂಟಾಗ್ಲಿಯೊ ವಿಧಾನದಲ್ಲಿ ಅಚ್ಚುಹಾಕಿರುತ್ತಾರೆ. ಅಂದರೆ, ಶಾಯಿ ಕಾಗದದ ಮೇಲೆ ಸ್ವಲ್ಪ ಉಬ್ಬಿ ನಿಲ್ಲುವ ಹಾಗೆ ಬಲವಾಗಿ ಒತ್ತಿ ಮಾಡುವ ಮುದ್ರಣ. ಗಾಂಧೀಜಿ ಚಿತ್ರ, ಬಲಭಾಗದ ಅಶೋಕ ಸ್ತಂಭ, ಎರಡೂ ಪಕ್ಕದ ಅಂಚಿನಲ್ಲಿರುವ ಓರೆ ಗೆರೆಗಳು ಹೀಗೆ ಉಬ್ಬಿರುತ್ತವೆ. ಈ ಓರೆ ಗೆರೆಗಳಿಗೆ ಬ್ಲೀಡ್ ಲೈನ್ ಅಂತ ಹೆಸರು. ನಮಗೆ ಮುಖ್ಯವಾದವು ಇವೇ.

100ರ ನೋಟಿನಲ್ಲಿ 4 ಗೆರೆ. ಬಲಗಡೆ ಒಂದು ಉಬ್ಬು ತ್ರಿಕೋನ.

200ರಲ್ಲೂ 4 ಗೆರೆಯೇ. ಆದರೆ ಗೆರೆಗಳ ನಡುವೆ 2 ಪುಟ್ಟ ವೃತ್ತಗಳಿವೆ. ಬಲಗಡೆಯ ಗುರುತು ಇಂಗ್ಲಿಷಿನ ಎಚ್ ಅಕ್ಷರದ ಆಕಾರ.

500ರಲ್ಲಿ 5 ಗೆರೆ. ಬಲಗಡೆ ಒಂದು ವೃತ್ತ.

ನೋಟನ್ನು ಮೇಜಿನ ಮೇಲೆ ಹರಡಿ, ಎಡಗೈಯಿಂದ ಒತ್ತಿ ಹಿಡಿಯಿರಿ. ಬಲಗೈ ಹೆಬ್ಬೆರಳಿನ ಉಗುರನ್ನು ಪಕ್ಕದ ಗಿಡ್ಡ ಅಂಚಿಗೆ ತಾಗಿಸಿ ಮೇಲಿಂದ ಕೆಳಕ್ಕೆ ನಿಧಾನವಾಗಿ ಎಳೆಯಿರಿ. ಬೆರಳ ತುದಿಯಲ್ಲ, ಉಗುರು. ಬೆರಳ ಮೆತ್ತನೆ ಚರ್ಮ ಗೆರೆಗಳನ್ನೆಲ್ಲ ಸೇರಿಸಿ ಒಂದೇ ಒರಟು ಮಾಡಿಬಿಡುತ್ತದೆ, ಉಗುರು ಒಂದೊಂದನ್ನೂ ಬೇರೆಬೇರೆಯಾಗಿ ತಟ್ಟಿ ಹೇಳುತ್ತದೆ. ನಮ್ಮಪ್ಪನಿಗೆ ಕಣ್ಣು ಮಂಜಾದ ಮೇಲೆ ಎಷ್ಟೋ ದಿನ ಬೆರಳಿಂದ ಸವರಿ "ಏನೂ ಸಿಗ್ತಿಲ್ಲ ಕಣೋ" ಅಂತ ನೋಟು ಪಕ್ಕಕ್ಕಿಡುತ್ತಿದ್ದರು. ಒಂದು ಸಂಜೆ ಉಗುರಿಂದ ಎಳೆದು ನೋಡಿ ಅಂದೆ. ಗರಿಗರಿ ಕಾಗದದ ಮೇಲೆ ಉಗುರು ಕರ್ರ್ ಕರ್ರ್ ಅಂದಿತು. ಅವರ ಕೈ ತಟಕ್ಕನೆ ನಿಂತಿತು. ಮತ್ತೆ ಮೇಲಿಂದ ಎಳೆದು, "ನಾಲ್ಕು" ಅಂದರು.

ಏನೂ ಸಿಗದಿದ್ದರೆ ಮೊದಲು ನೋಟು ಮಗುಚಿ. ಉಬ್ಬು ಇರುವುದು ಮುಂಭಾಗದಲ್ಲಿ. ಗೆರೆಗಳು ಎಡಕ್ಕೂ ಬಲಕ್ಕೂ ಇರುವುದರಿಂದ ನೋಟು ತಲೆಕೆಳಗಾಗಿದ್ದರೂ ಚಿಂತೆಯಿಲ್ಲ.

100 ಮತ್ತು 200 ಎರಡರಲ್ಲೂ 4 ಗೆರೆ ಇರುವುದರಿಂದ ಬರೀ ಗೆರೆ ಎಣಿಸಿ ತೀರ್ಮಾನ ಮಾಡಬೇಡಿ. ನಡುವೆ ಏನಿದೆ ಅಂತ ಮತ್ತೊಮ್ಮೆ ಎಳೆದು ನೋಡಿ. 200ರಲ್ಲಿ ಉಗುರು ನಡುವೆ ಚಿಕ್ಕ ಗುಬುಟಿನ ಮೇಲೆ ಹಾದ ಹಾಗಾಗುತ್ತದೆ. ಈ ಒಂದನ್ನು ಬೇರೆ ಮಾಡುವುದಕ್ಕೇ ಒಂದು ವಾರ ಕೊಡಿ. ಎರಡನ್ನೂ ಕಲಸಿ, ದಿನಕ್ಕೆ ಹತ್ತು ಸಲ ಆರಿಸಿ.

ಮಾಸಿದ ನೋಟಿನಲ್ಲಿ ಉಬ್ಬು ಸವೆದುಹೋಗುತ್ತದೆ. ಬೆವರು, ಮಡಿಕೆ, ಮಳೆ ಎಲ್ಲ ಸೇರಿ ಗೆರೆ ನುಣ್ಣಗಾಗಿಬಿಡುತ್ತದೆ. ನಿಮ್ಮ ಬೆರಳಿನ ತಪ್ಪು ಅಂದುಕೊಳ್ಳಬೇಡಿ. ಅದಕ್ಕೇ ಮುಂದಿನ ಹಂತ.

ಹಂತ 3: ಮೆಟ್ಟಿಲು ಕಾರ್ಡು ಮಾಡಿಕೊಳ್ಳಿ

ಹೊಸ ಸರಣಿಯ ನೋಟುಗಳ ಉದ್ದ ಹೀಗಿದೆ: 10ರದ್ದು 123 ಮಿ.ಮೀ., 20ರದ್ದು 129, 50ರದ್ದು 135, 100ರದ್ದು 142, 200ರದ್ದು 146, 500ರದ್ದು 150. ಅಗಲದಲ್ಲಿ ಎರಡೇ ಬಗೆ. 10 ಮತ್ತು 20 ಎರಡೂ 63 ಮಿ.ಮೀ., 50 ಮತ್ತು ಅದಕ್ಕಿಂತ ದೊಡ್ಡವೆಲ್ಲ 66.

4 ಮಿ.ಮೀ. ವ್ಯತ್ಯಾಸವನ್ನು ನೋಟು ಕೈಯಲ್ಲಿ ಹಿಡಿದು ತಿಳಿಯುವುದು ಯಾರಿಗೂ ಕಷ್ಟ. ಆದರೆ ಒಂದು ಮೆಟ್ಟಿಲಿನ ಅಂಚು 2 ಮಿ.ಮೀ. ಹೊರಗೆ ಚಾಚಿದ್ದರೂ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಆ ಗುಣವನ್ನೇ ಬಳಸಿಕೊಂಡು ಕಾರ್ಡು ಮಾಡೋಣ.

153 ಮಿ.ಮೀ. ಉದ್ದ, 71 ಮಿ.ಮೀ. ಅಗಲದ ತುಂಡು ಕತ್ತರಿಸಿ. ಎಡ ಅಂಚಿನಿಂದ 5 ಮಿ.ಮೀ., ಕೆಳ ಅಂಚಿನಿಂದ 5 ಮಿ.ಮೀ. ಗೀರು ಹಾಕಿ ಮೇಲಕ್ಕೆ ಮಡಚಿ, ಮೂಲೆಯನ್ನು ಟೇಪಿನಿಂದ ಬಿಗಿ ಮಾಡಿ. ಇವು ಎರಡು ಪುಟ್ಟ ಗೋಡೆಗಳು. ಕೆಳಗಿನ ಗೋಡೆ ಎಡಗಡೆಯಿಂದ 100 ಮಿ.ಮೀ.ವರೆಗೆ ಇದ್ದರೆ ಸಾಕು, ಉಳಿದದ್ದನ್ನು ಕತ್ತರಿಸಿ ತೆಗೆಯಿರಿ. ಗೋಡೆಗಳ ಒಳಗೆ ಈಗ 148 ಉದ್ದ, 66 ಅಗಲದ ಜಾಗ ಉಳಿಯಿತು.

ಇನ್ನು ಬಲಗಡೆಯ ತುದಿಯನ್ನು 5 ಮೆಟ್ಟಿಲಾಗಿ ಕತ್ತರಿಸಬೇಕು. ಒಂದೊಂದು ಮೆಟ್ಟಿಲಿನ ಎತ್ತರ ಸುಮಾರು 13 ಮಿ.ಮೀ. ಎಡಗೋಡೆಯ ಒಳಮೈಯಿಂದ ಅಳೆದರೆ, ಕೆಳಗಿನ ಮೆಟ್ಟಿಲು 148ಕ್ಕೆ ನಿಲ್ಲಲಿ. ಅದರ ಮೇಲಿನದು 144, ಆಮೇಲೆ 139, ಆಮೇಲೆ 132, ಎಲ್ಲಕ್ಕಿಂತ ಮೇಲಿನದು 126. ಈ ಅಳತೆಗಳು ಎರಡೆರಡು ನೋಟುಗಳ ನಡುವೆ ಬೀಳುತ್ತವೆ. ಕತ್ತರಿ ಕೂದಲೆಳೆಯಷ್ಟು ಆಚೀಚೆ ಆದರೂ ಕಾರ್ಡು ಸುಳ್ಳು ಹೇಳುವುದಿಲ್ಲ.

ಬಳಸುವುದು ಸುಲಭ. ನೋಟನ್ನು ಕಾರ್ಡಿನ ಮೇಲಿಟ್ಟು ಎಡಕ್ಕೂ ಕೆಳಕ್ಕೂ ಗೋಡೆಗೆ ತಾಗುವವರೆಗೆ ತಳ್ಳಿ. ನಂತರ ಬಲ ತುದಿಯಲ್ಲಿ ಬೆರಳನ್ನು ಮೇಲಿಂದ ಕೆಳಕ್ಕೆ ಇಳಿಸಿ. ನೋಟಿನಿಂದ ಆಚೆಗೆ ಎಷ್ಟು ಮೆಟ್ಟಿಲು ಚಾಚಿವೆ ಅಂತ ಎಣಿಸಿ.

5 ಮೆಟ್ಟಿಲೂ ಸಿಕ್ಕರೆ 10 ರೂಪಾಯಿ.
4 ಸಿಕ್ಕರೆ 20.
3 ಸಿಕ್ಕರೆ 50.
2 ಸಿಕ್ಕರೆ 100.
1 ಸಿಕ್ಕರೆ 200.
ಒಂದೂ ಸಿಗದೆ ನೋಟೇ ಎಲ್ಲ ಮೆಟ್ಟಿಲನ್ನೂ ಮುಚ್ಚಿದರೆ 500.

ಮಡಚಿದ ಮೇಲೆ ಕಾರ್ಡು ಹೆಚ್ಚುಕಡಿಮೆ 500ರ ನೋಟಿನಷ್ಟೇ ಇರುತ್ತದೆ. ನೋಟು ಮಡಚದೆ ಇಡುವ ಉದ್ದನೆಯ ಪರ್ಸಿನಲ್ಲಿ ಇದೂ ಕೂರುತ್ತದೆ.

ನೋಟಿನ ಮೂಲೆ ಮಡಚಿದ್ದರೆ, ತುದಿ ಹರಿದಿದ್ದರೆ ಲೆಕ್ಕ ತಪ್ಪುತ್ತದೆ. ಮೊದಲು ಅಂಗೈಯಿಂದ ನೋಟನ್ನು ಸವರಿ ನಾಲ್ಕೂ ಮೂಲೆ ನೇರ ಮಾಡಿ. ತೀರಾ ಹರಿದ ನೋಟು ಬಂದರೆ ಇಟ್ಟುಕೊಂಡು ಒದ್ದಾಡಬೇಡಿ, ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳಿ.

ಹಂತ 4: ಹಳೆ ನೋಟುಗಳ ಬಗ್ಗೆ ಎಚ್ಚರ

ಈ ಹಂತವನ್ನು ಹಾರಿಸಬೇಡಿ. ಹಳೆ ಸರಣಿಯ 10, 20, 50, 100ರ ನೋಟುಗಳು ಈಗಲೂ ಚಲಾವಣೆಯಲ್ಲಿವೆ, ಈಗಲೂ ಅಷ್ಟೇ ಬೆಲೆ. ಆದರೆ ಅವುಗಳ ಅಳತೆ ಬೇರೆ.

ಹಳೆ 20ರ ನೋಟು 147 ಮಿ.ಮೀ. ಉದ್ದ. ಹೊಸ 200ರದ್ದು 146. ಒಂದೇ ಒಂದು ಮಿಲಿಮೀಟರ್! ಮೆಟ್ಟಿಲು ಕಾರ್ಡಿನಲ್ಲಿ ಎರಡಕ್ಕೂ ಒಂದೇ ಉತ್ತರ ಬರುತ್ತದೆ. ಹಳೆ 10ರದ್ದು 137, ಹೊಸ 50ರದ್ದು 135. ಅಲ್ಲೂ ಇದೇ ಕಥೆ. 200 ಅಂದುಕೊಂಡು 20 ಇಸಕೊಂಡರೆ 180 ರೂಪಾಯಿ ಹೋಯಿತು.

ಕಾರ್ಡಿನ ಅಗಲ 66 ಅಂತ ಇಟ್ಟದ್ದು ಇದಕ್ಕೇ. ಹಳೆ 10 ಮತ್ತು 20 ಎರಡೂ 63 ಮಿ.ಮೀ. ಅಗಲ. ನೋಟನ್ನು ಕೆಳಗೋಡೆಗೆ ತಾಗಿಸಿದ ಮೇಲೆ ಮೇಲಂಚನ್ನೂ ಮುಟ್ಟಿ ನೋಡಿ. ನೋಟು ಕಾರ್ಡಿನ ಮೇಲಂಚಿಗೆ ಸಮವಾಗಿದ್ದರೆ 50 ಅಥವಾ ಅದಕ್ಕಿಂತ ದೊಡ್ಡದು. ಮೇಲೆ ಕಾರ್ಡಿನ ಸಣ್ಣ ಪಟ್ಟಿ ಬೆರಳಿಗೆ ಸಿಕ್ಕರೆ, ಮೆಟ್ಟಿಲು ಏನೇ ಹೇಳಲಿ, ಅದು 10 ಅಥವಾ 20. ಆಗ 3 ಮೆಟ್ಟಿಲು ಬಂದರೆ ಹಳೆ 10, 1 ಮೆಟ್ಟಿಲು ಬಂದರೆ ಹಳೆ 20.

ಹಳೆ 50 ಮತ್ತು 100 ಅಗಲದಲ್ಲಿ 73 ಮಿ.ಮೀ. ಕಾರ್ಡಿನಿಂದ 7 ಮಿ.ಮೀ. ಮೇಲೆ ಇಣುಕುತ್ತವೆ, ಮೋಸವಾಗುವುದಿಲ್ಲ. ಮೇಲೆ ಇಣುಕಿ 1 ಮೆಟ್ಟಿಲು ಬಿಟ್ಟರೆ ಹಳೆ 50. ಮೇಲೂ ಇಣುಕಿ, ಎಲ್ಲ ಮೆಟ್ಟಿಲನ್ನೂ ಮುಚ್ಚಿ ಬಲಕ್ಕೂ ಜಾಸ್ತಿ ಚಾಚಿದರೆ ಹಳೆ 100. ಅದು 157 ಮಿ.ಮೀ. ಉದ್ದ, ಅಂದರೆ ಈಗಿನ 500ಕ್ಕಿಂತ ದೊಡ್ಡದು. "ದೊಡ್ಡ ನೋಟು, ಜಾಸ್ತಿ ಬೆಲೆ" ಅಂತ ನಂಬಿ ಹಳೆ 100ನ್ನು 500 ಅಂದುಕೊಂಡವರು ತುಂಬ ಜನ.

ಎಲ್ಲೋ ಪುಸ್ತಕದ ನಡುವೆ 2000ದ ನೋಟು ಸಿಕ್ಕರೆ ಎಸೆಯಬೇಡಿ. ಅದರ ಉದ್ದ 166 ಮಿ.ಮೀ., ಗೆರೆ 7. 2023ರ ಮೇ 19ರಂದು ಅದನ್ನು ಚಲಾವಣೆಯಿಂದ ಹಿಂಪಡೆಯುವುದಾಗಿ ರಿಸರ್ವ್ ಬ್ಯಾಂಕ್ ಹೇಳಿತು. ಮಾಮೂಲಿ ಬ್ಯಾಂಕುಗಳಲ್ಲಿ ಬದಲಾಯಿಸುವ ಅವಕಾಶ ಆ ವರ್ಷದ ಅಕ್ಟೋಬರ್ 7ಕ್ಕೆ ಮುಗಿಯಿತು. ಆದರೆ ಅದರ ಬೆಲೆ ಹೋಗಿಲ್ಲ. ರಿಸರ್ವ್ ಬ್ಯಾಂಕಿನ ಬೆಂಗಳೂರು ಕಚೇರಿಯೂ ಸೇರಿ 19 ಕಚೇರಿಗಳ ಮೂಲಕ ಹಣ ಪಡೆಯುವ ದಾರಿ ಇಟ್ಟಿದ್ದಾರೆ.

ಹಂತ 5: ಫೋನಿಗೆ ಮಣಿ ಹಾಕಿಕೊಳ್ಳಿ

ಮಣಿ ಎಂಬುದು ರಿಸರ್ವ್ ಬ್ಯಾಂಕೇ 2020ರ ಜನವರಿ 1ರಂದು ಬಿಟ್ಟ ಆ್ಯಪ್. ಫೋನಿನ ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದ್ದು ಅಂತ ಬಾಯಿಬಿಟ್ಟು ಹೇಳುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಆಂಡ್ರಾಯ್ಡ್ ಫೋನಿಗೂ ಐಫೋನಿಗೂ ಇದೆ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಮೊದಲು ಹಿಂದಿ, ಇಂಗ್ಲಿಷ್ ಮಾತ್ರ ಇತ್ತು, ಆಮೇಲೆ ಕನ್ನಡವೂ ಸೇರಿತು. ಕಿವಿಯೂ ಕೇಳದವರಿಗೆ ಫೋನ್ ನಡುಗುವ ಮೂಲಕ ತಿಳಿಸುವ ವ್ಯವಸ್ಥೆಯೂ ಇದೆ. ಹಳೆ ಸರಣಿ, ಹೊಸ ಸರಣಿ ಎರಡನ್ನೂ ಗುರುತಿಸುತ್ತದೆ.

ನೋಟನ್ನು ಮೇಜಿನ ಮೇಲೆ ಹರಡಿ. ಅದರ ಮೇಲೆ ಫೋನ್ ಇಟ್ಟು, ಒಂದು ಗೇಣಿನಷ್ಟು ನೇರ ಮೇಲೆತ್ತಿ. ಒಂದು ಸಲಕ್ಕೆ ಒಂದೇ ನೋಟು. ಕ್ಯಾಮೆರಾ ಗಾಜನ್ನು ಬಟ್ಟೆಯಿಂದ ಒರೆಸಿಕೊಳ್ಳಿ, ಅರ್ಧ ತೊಂದರೆ ಅಲ್ಲೇ ಹೋಗುತ್ತದೆ. ಮೊದಲು ಗೊತ್ತಿರುವ ನೋಟುಗಳನ್ನು ತೋರಿಸಿ ಪರೀಕ್ಷೆ ಮಾಡಿ.

ಮಣಿ ನೋಟಿನ ಬೆಲೆ ಮಾತ್ರ ಹೇಳುತ್ತದೆ. ಅದು ಅಸಲಿಯೋ ನಕಲಿಯೋ ಅಂತ ಹೇಳುವುದಿಲ್ಲ. ಇನ್ನೊಂದು, ಬಸ್ ಸ್ಟ್ಯಾಂಡಿನಂಥ ಕಡೆ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ದುಡ್ಡು ಹಿಡಿದು ನಿಲ್ಲುವುದು ಒಳ್ಳೆಯದಲ್ಲ. ಆ್ಯಪನ್ನು ಮನೆಯಲ್ಲಿ ಬಳಸಿ, ಹೊರಗೆ ಬೆರಳನ್ನು ನಂಬಿ. ಮೈಕ್ರೋಸಾಫ್ಟ್‌ನ ಸೀಯಿಂಗ್ ಎಐ, ಗೂಗಲ್‌ನ ಲುಕ್‌ಔಟ್ ಕೂಡ ರೂಪಾಯಿ ನೋಟು ಗುರುತಿಸುತ್ತವೆ. ಅವುಗಳನ್ನು ಈಗಾಗಲೇ ಬಳಸುತ್ತಿದ್ದರೆ ಬಿಡಬೇಕಾಗಿಲ್ಲ.

ಸ್ವಲ್ಪ ದೃಷ್ಟಿ ಉಳಿದವರಿಗೆ ಬಣ್ಣವೂ ನೆರವು. 10 ಚಾಕಲೇಟ್ ಕಂದು, 50 ಹೊಳೆಯುವ ನೀಲಿ, 100 ಲ್ಯಾವೆಂಡರ್, 500 ಕಲ್ಲಿನ ಬೂದು. 20 ಹಸಿರು ಬೆರೆತ ಹಳದಿ, 200 ಗಾಢ ಹಳದಿ. ಇವೆರಡೂ ದೀಪದ ಬೆಳಕಿನಲ್ಲಿ ಕಲಸಿಹೋಗುತ್ತವೆ. ಹಳದಿ ಕಂಡರೆ ಅಂಚು ಮುಟ್ಟಿ ನೋಡದೆ ಕೊಡಬೇಡಿ.

ಹಂತ 6: ಒಂದು ಮಡಿಕೆಯ ಪದ್ಧತಿ ಕಟ್ಟಿಕೊಳ್ಳಿ

ಅಂಗಡಿಯ ಮುಂದೆ ನಿಂತು ಉಗುರು ಎಳೆಯುತ್ತಾ, ಕಾರ್ಡು ಹಿಡಿಯುತ್ತಾ ಇರಲು ಆಗುವುದಿಲ್ಲ. ಗುರುತಿಸುವ ಕೆಲಸ ಮನೆಯಲ್ಲೇ ಮುಗಿದಿರಬೇಕು. ಹೊರಗೆ ಹೋಗುವಾಗ ನೋಟುಗಳು ಆಗಲೇ ಬೇರೆಬೇರೆ ಮಡಿಕೆಯಲ್ಲಿರಬೇಕು.

ನಾನು ಹೇಳಿಕೊಡುವ ಪದ್ಧತಿ ಇದು. 10, 20, 50 ಮಡಚದೆ ಹಾಗೇ ಇರಲಿ, ಪರ್ಸಿನ ಮುಂದಿನ ಖಾನೆಯಲ್ಲಿ. 100ನ್ನು ಉದ್ದಕ್ಕೆ ಮಡಚಿ ಪಟ್ಟಿಯಂತೆ ಮಾಡಿ. 200ನ್ನು ಅಡ್ಡಕ್ಕೆ ಅರ್ಧ ಮಡಚಿ. 500 ಬೇರೆ ಖಾನೆಯಲ್ಲೋ ಬೇರೆ ಜೇಬಿನಲ್ಲೋ ಇರಲಿ. ನಿಮಗೆ ಬೇರೆ ಥರ ಸರಿ ಅನ್ನಿಸಿದರೆ ಹಾಗೇ ಮಾಡಿ, ಆದರೆ ಒಮ್ಮೆ ಹಿಡಿದ ಪದ್ಧತಿ ಬದಲಾಯಿಸಬೇಡಿ. ಮನೆಯವರಿಗೂ ಹೇಳಿಡಿ. ಪ್ರೀತಿಯಿಂದಲೇ ಪರ್ಸು "ಸರಿಮಾಡಿ" ಇಡುವವರಿಂದ ಆಗುವ ಗೊಂದಲ ಕಡಿಮೆಯಲ್ಲ.

ಗುರುತಿಗೆ ಅಂತ ನೋಟಿಗೆ ಪಿನ್ ಚುಚ್ಚುವುದು, ಸ್ಟೇಪಲ್ ಹೊಡೆಯುವುದು, ಬ್ರೈಲ್ ಚುಕ್ಕಿ ಒತ್ತುವುದು ಬೇಡ. ನೋಟು ಹಾಳಾಗುತ್ತದೆ, ಮುಂದೆ ಸಿಕ್ಕವರಿಗೆ ಉಬ್ಬೂ ಸಿಗುವುದಿಲ್ಲ.

ಹಂತ 7: ಹೊರಗೆ ದುಡ್ಡು ಕೊಟ್ಟು ತೆಗೆದುಕೊಳ್ಳುವಾಗ

ಕೊಡುವಾಗ ಜೋರಾಗಿ ಹೇಳಿ ಕೊಡಿ: "ತಗೊಳ್ಳಿ, ಇದು 200." ಸುತ್ತ ಇರುವವರ ಕಿವಿಗೂ ಬೀಳುತ್ತದೆ, ಆಮೇಲೆ "ನೀವು 100 ಕೊಟ್ರಿ" ಅನ್ನುವ ಮಾತು ಬರುವುದಿಲ್ಲ. ಚಿಲ್ಲರೆ ಇಸಕೊಳ್ಳುವಾಗ "ಒಂದೊಂದಾಗಿ ಹೇಳಿ ಕೊಡಿ" ಅಂತ ಕೇಳಿ. ಹಾಗೆ ಕೇಳಲು ಸಂಕೋಚ ಬೇಡ, ಅದು ನಿಮ್ಮ ದುಡ್ಡು. ಬಂದ ನೋಟನ್ನು ಅಲ್ಲೇ ನಿಮ್ಮ ಪದ್ಧತಿಯಂತೆ ಮಡಚಿ, ಬೇರೆ ಖಾನೆಗೆ ಹಾಕಿ. ಮನೆಗೆ ಬಂದು ಪರೀಕ್ಷಿಸಿದ ಮೇಲೆ ಮಾತ್ರ ಹಳೆ ದುಡ್ಡಿನ ಜೊತೆ ಸೇರಿಸಿ.

2014ರ ಜುಲೈ 1ರಿಂದ ಹೊಸದಾಗಿ ಹಾಕುವ ಎಟಿಎಂಗಳೆಲ್ಲ ಮಾತಾಡುವಂಥವೇ ಆಗಿರಬೇಕು, ಬ್ರೈಲ್ ಕೀಲಿಗಳಿರಬೇಕು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ಇಯರ್‌ಫೋನ್ ಸಿಕ್ಕಿಸುವ ತೂತು ಹುಡುಕಿ. ವೈರು ಇರುವ ಇಯರ್‌ಫೋನೇ ಬೇಕು. ಕೀಲಿಮಣೆಯಲ್ಲಿ 5ರ ಮೇಲೆ ಉಬ್ಬು ಚುಕ್ಕಿ ಇರುತ್ತದೆ. ಒಂದು ಸಣ್ಣ ಉಪಾಯ: 400 ರೂಪಾಯಿ ತೆಗೆದರೆ 500ರ ನೋಟು ಬರುವ ಹಾಗೇ ಇಲ್ಲ. ಬೇಕಾದ ನೋಟಿನ ಪ್ರಕಾರ ಮೊತ್ತ ಆರಿಸಿದರೆ ಗುರುತಿಸುವ ಕೆಲಸ ಅರ್ಧ ಮುಗಿದ ಹಾಗೆ.

ನಾಣ್ಯಗಳ ಬಗ್ಗೆ ಎರಡು ಮಾತು

2019ರ ಮಾರ್ಚ್‌ನಲ್ಲಿ ಬಂದ ನಾಣ್ಯಗಳನ್ನು ಕಣ್ಣು ಕಾಣದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದಾರೆ. ಬೆಲೆ ಹೆಚ್ಚಿದ ಹಾಗೆ ತೂಕವೂ ಹೆಚ್ಚುತ್ತದೆ. 1ರದ್ದು 20 ಮಿ.ಮೀ., 2ರದ್ದು 23, 5ರದ್ದು 25, 10ರದ್ದು 27. 20ರ ನಾಣ್ಯವೂ 27 ಮಿ.ಮೀ., ಆದರೆ ಅದಕ್ಕೆ 12 ಮೂಲೆ. ತಪ್ಪುವ ಹಾಗೇ ಇಲ್ಲ. ತೊಂದರೆ ಕೊಡುವುದು ಅದಕ್ಕಿಂತ ಹಳೆಯವು. ಒಂದೇ ಬೆಲೆಗೆ ಹಲವು ಅಳತೆಗಳಿವೆ. ಸಣ್ಣ ಬೆಲೆಯಾದ್ದರಿಂದ ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಅಂಗಡಿಯವರಿಗೆ, ಮನೆಯವರಿಗೆ

ನೋಟುಗಳನ್ನು ಕಂತೆಯಾಗಿ ಕೈಗೆ ತುರುಕಬೇಡಿ. ಒಂದೊಂದನ್ನೂ ಹೆಸರಿಸಿ ಕೊಡಿ, ದೊಡ್ಡದರಿಂದ ಚಿಕ್ಕದಕ್ಕೆ. ಅವರ ಕೈಯಿಂದ ಪರ್ಸು ತೆಗೆದುಕೊಂಡು ನೀವೇ ನೋಟು ಆರಿಸಬೇಡಿ. ಅವರು ಉಗುರು ಎಳೆದು ನೋಡುವ ಅರ್ಧ ನಿಮಿಷ ಕಾಯಿರಿ. ಕಲಿಯುತ್ತಿರುವವರು ತಪ್ಪು ಹೇಳಿದರೆ ತಕ್ಷಣ ಉತ್ತರ ಕೊಡುವ ಬದಲು "ಇನ್ನೊಮ್ಮೆ ನೋಡಿ" ಅನ್ನಿ.

ಈ ಕಷ್ಟ ಬಂದದ್ದು ನೋಟು ಮಾಡಿದ ರೀತಿಯಿಂದ ಎಂಬುದೂ ನೆನಪಿರಲಿ. ಹಳೆ 20 ಮತ್ತು 50ರ ನೋಟುಗಳಲ್ಲಿ ಉಬ್ಬು ಗುರುತು ಇದ್ದ ಕಾಲವಿತ್ತು. ಹೊಸದರಲ್ಲಿ ಅದು ಹೋಯಿತು, ಅಳತೆಯೂ ಕುಗ್ಗಿತು. ನ್ಯಾಷನಲ್ ಅಸೋಸಿಯೇಷನ್ ಫಾರ್ ದ ಬ್ಲೈಂಡ್ ಇದನ್ನೇ ಬಾಂಬೆ ಹೈಕೋರ್ಟಿನ ಮುಂದೆ ಇಟ್ಟಿತು. ಅಮೆರಿಕದಲ್ಲಂತೂ ಡಾಲರ್ ನೋಟುಗಳೆಲ್ಲ ಒಂದೇ ಅಳತೆ. ಇದು ಕಣ್ಣು ಕಾಣದವರಿಗೆ ಅನ್ಯಾಯ ಅಂತ ಅಲ್ಲಿನ ಮೇಲ್ಮನವಿ ನ್ಯಾಯಾಲಯ 2008ರಲ್ಲೇ ಹೇಳಿದೆ. ನಮ್ಮಲ್ಲಿ ಮುಂದೆ ಬರುವ 10, 20, 50ರ ನೋಟಿನಲ್ಲಿ ಬೆರಳಿಗೆ ಸಿಗುವ ಒಂದು ಗುರುತು ಬೇಕು ಅಂತ ಕೇಳುವುದು ನಮ್ಮ ಹಕ್ಕು.

ಅಲ್ಲಿಯವರೆಗೆ ಮೆಟ್ಟಿಲು ಕಾರ್ಡು ಕತ್ತರಿಸುವಾಗ ಎರಡು ಮಾಡಿ. ಒಂದು ಪರ್ಸಿನಲ್ಲಿರಲಿ, ಇನ್ನೊಂದು ಮನೆಯಲ್ಲಿ ದುಡ್ಡು ಇಡುವ ಜಾಗದಲ್ಲಿ. ತಿಂಗಳಿಗೊಮ್ಮೆ ಗೊತ್ತಿರುವ 100, 200ರ ಹೊಸ ನೋಟು ಇಟ್ಟು ಪರೀಕ್ಷಿಸಿ. ಮೆಟ್ಟಿಲಿನ ಮೂಲೆ ಸವೆದಿದ್ದರೆ ಹೊಸದು ಮಾಡಿಕೊಳ್ಳಿ.